ತೀರ್ಪು, ಕರುಣೆ ಮತ್ತು ನಮ್ಮ ಲೆಕ್ಕದ ಪುಸ್ತಕ

ನವೆಂಬರ್ ಬಂತೆಂದರೆ ಸಮಾಧಿಗಳಿಗೆ ಸುಣ್ಣ ಬಳಿಯುವ ಕೆಲಸದ ಜೊತೆಗೆ ಸತ್ತವರ ಗತಿಯೇನು ಎಂಬ ಪ್ರಶ್ನೆಗಳೂ ಬರುತ್ತವೆ. ಒಂದೇ ಬಗೆಯ ಪ್ರಶ್ನೆಗಳನ್ನು ಸೇರಿಸಿ ಇಲ್ಲಿ ಉತ್ತರಿಸಿದ್ದೇವೆ. ಬರೆದವರಲ್ಲಿ ಕಥೋಲಿಕರೇ ಹೆಚ್ಚು. ಸಿಎಸ್‌ಐ (ದಕ್ಷಿಣ ಭಾರತ ಸಭೆ) ಮತ್ತಿತರ ಪ್ರಾಟೆಸ್ಟೆಂಟ್ ಸಭೆಗಳ ನಿಲುವು ಎಲ್ಲಿ ಮುಖ್ಯವಾಗಿ ಬೇರೆಯೋ ಅಲ್ಲಿ ಅದನ್ನೂ ಹೇಳಿದ್ದೇವೆ.

ಪ್ರಶ್ನೆ: ಸತ್ತ ಕೂಡಲೇ ನ್ಯಾಯತೀರ್ಪು ಎನ್ನುತ್ತಾರೆ. ವಿಶ್ವಾಸ ಪ್ರಮಾಣದಲ್ಲಿ ನೋಡಿದರೆ ಯೇಸು ಕಡೆಯ ದಿನ ಬಂದು ಜೀವಂತರಿಗೂ ಸತ್ತವರಿಗೂ ತೀರ್ಪು ಕೊಡುತ್ತಾರೆ ಎಂದಿದೆ. ಒಮ್ಮೆ ಆದ ಮೇಲೆ ಇನ್ನೊಂದು ಯಾಕೆ? ಅದು ಮೇಲ್ಮನವಿಯೇ?
— ಓದುಗರು, ಶಿವಮೊಗ್ಗ

ಮೇಲ್ಮನವಿ ಅಲ್ಲ. ಮೊದಲ ತೀರ್ಪು ಎರಡನೆಯದರಲ್ಲಿ ಬದಲಾಗುವುದಿಲ್ಲ. ಸಾವಿನ ಕ್ಷಣದಲ್ಲಿ ಆಗುವುದು ಒಬ್ಬೊಬ್ಬರ ವೈಯಕ್ತಿಕ ತೀರ್ಪು. ಕಡೆಯ ದಿನದ್ದು ಎಲ್ಲರ ಎದುರಿನ ಸಾರ್ವತ್ರಿಕ ತೀರ್ಪು.

ನಿಮ್ಮ ಗೊಂದಲ ಹೊಸದಲ್ಲ, ಪೋಪ್ ಒಬ್ಬರಿಗೂ ಬಂದಿತ್ತು. 1331ರ ಸಕಲ ಸಂತರ ಹಬ್ಬದಂದು ಅವಿಞೋನ್‌ನಲ್ಲಿ ಪೋಪ್ ಇಪ್ಪತ್ತೆರಡನೆಯ ಜಾನ್ ಒಂದು ಪ್ರಸಂಗ ಮಾಡಿದರು. ನೀತಿವಂತರ ಆತ್ಮಗಳೂ ಕಡೆಯ ತೀರ್ಪಿನವರೆಗೆ ದೇವರನ್ನು ಮುಖಾಮುಖಿ ಕಾಣುವುದಿಲ್ಲ ಎಂಬುದು ಅವರ ಅಭಿಪ್ರಾಯ. ಪ್ಯಾರಿಸ್ಸಿನ ದೇವಶಾಸ್ತ್ರಜ್ಞರು ತಿರುಗಿಬಿದ್ದರು. 1334ರ ಡಿಸೆಂಬರ್‌ನಲ್ಲಿ, ತೀರಿಕೊಳ್ಳುವ ಮುನ್ನಾದಿನ, ಜಾನ್ ಆ ಮಾತನ್ನು ಹಿಂತೆಗೆದುಕೊಂಡರು. ಅವರ ನಂತರ ಬಂದ ಹನ್ನೆರಡನೆಯ ಬೆನೆಡಿಕ್ಟ್ 1336ರ ಜನವರಿಯಲ್ಲಿ ವಿಷಯವನ್ನು ಇತ್ಯರ್ಥಗೊಳಿಸಿದರು: ಸತ್ತ ಕೂಡಲೇ, ಶುದ್ಧೀಕರಣ ಬೇಕಾದವರಿಗೆ ಅದು ಮುಗಿದ ಕೂಡಲೇ, ದೇವದರ್ಶನ. ಕಡೆಯ ದಿನದವರೆಗೆ ಕಾಯಬೇಕಿಲ್ಲ.

ಹಾಗಾದರೆ ಎರಡನೆಯದರ ಅಗತ್ಯವೇನು? ಒಬ್ಬ ಮನುಷ್ಯನ ಕೆಲಸ ಅವನ ಸಾವಿನೊಂದಿಗೆ ನಿಲ್ಲುವುದಿಲ್ಲ. ಅವನು ಹಬ್ಬಿಸಿದ ಸುಳ್ಳು ಮೂರು ತಲೆಮಾರು ಮನೆ ಒಡೆಯಬಹುದು. ಅವಳು ಕಲಿಸಿದ ಒಂದು ಅಕ್ಷರದಿಂದ ಇಡೀ ಊರು ಓದಿರಬಹುದು. 1992ರ ಕಥೋಲಿಕ ಧರ್ಮೋಪದೇಶ (ಕ್ಯಾಟೆಕಿಸಂ ಎಂಬ ಬೋಧನಾ ಗ್ರಂಥ) ಹೇಳುವುದು ಇದನ್ನೇ: ಪ್ರತಿಯೊಬ್ಬರೂ ಮಾಡಿದ ಒಳಿತು, ಮಾಡದೆ ಬಿಟ್ಟ ಒಳಿತು, ಅವುಗಳ ಕೊನೆಯ ಪರಿಣಾಮದವರೆಗೂ ಅಂದು ಬಯಲಾಗುತ್ತವೆ. ಶರೀರದ ಪುನರುತ್ಥಾನವೂ ಆಗಲೇ. ಅನ್ಯಾಯಕ್ಕೊಳಗಾಗಿ ಸದ್ದಿಲ್ಲದೆ ಸತ್ತವರಿಗೆ ಈ ಸಾರ್ವತ್ರಿಕ ತೀರ್ಪು ಬೆದರಿಕೆಯಲ್ಲ, ಭರವಸೆ. ಪ್ರಸಂಗಪೀಠದಿಂದ ಈ ಮಗ್ಗುಲು ಕೇಳುವುದು ತೀರಾ ಕಡಿಮೆ ಎಂಬುದು ನಮ್ಮ ದೂರು.

ಪ್ರಶ್ನೆ: ಅಜ್ಜಿಯ ಹಳೆಯ ಜಪದ ಪುಸ್ತಕದಲ್ಲಿ ಒಂದು ಪ್ರಾರ್ಥನೆಯ ಕೆಳಗೆ ‘300 ದಿನಗಳ ದಂಡವಿಮೋಚನೆ’ ಎಂದಿದೆ. ಮೂರು ಸಲ ಹೇಳಿದರೆ ಶುದ್ಧೀಕರಣ ಸ್ಥಳದಲ್ಲಿ 900 ದಿನ ಕಡಿಮೆಯಾಗುತ್ತದೆಯೇ? ನವೆಂಬರ್‌ನಲ್ಲಿ ಸ್ಮಶಾನಕ್ಕೆ ಹೋಗುವವರು ನಿಖರವಾಗಿ ಏನು ಮಾಡಬೇಕು?
— ಓದುಗರು, ಹಾಸನ

ಆ ಲೆಕ್ಕ ಯಾವತ್ತೂ ಆ ಅರ್ಥದ್ದಾಗಿರಲಿಲ್ಲ. ಮೊದಲ ಶತಮಾನಗಳಲ್ಲಿ ಘೋರ ಪಾಪಕ್ಕೆ ನಲವತ್ತು ದಿನ, ಮೂರು ವರ್ಷ ಎಂದು ಬಹಿರಂಗ ಪ್ರಾಯಶ್ಚಿತ್ತ ವಿಧಿಸುತ್ತಿದ್ದರು. ‘300 ದಿನ’ ಎಂದರೆ ಅಂಥ 300 ದಿನಗಳ ಪ್ರಾಯಶ್ಚಿತ್ತಕ್ಕೆ ಸಮ ಎಂದು. ಸತ್ತವರ ಲೋಕದ ಕ್ಯಾಲೆಂಡರಿಗೂ ಅದಕ್ಕೂ ಸಂಬಂಧವಿಲ್ಲ. ಜನ ಹೇಗೂ ಹಾಗೆಯೇ ಎಣಿಸತೊಡಗಿದ್ದರಿಂದ ಆರನೆಯ ಪೌಲರು 1967ರಲ್ಲಿ ದಿನ, ವರ್ಷಗಳ ಎಣಿಕೆಯನ್ನೇ ತೆಗೆದುಹಾಕಿದರು. ಈಗ ಇರುವುದು ಎರಡೇ: ಪೂರ್ಣ ವಿಮೋಚನೆ, ಭಾಗಶಃ ವಿಮೋಚನೆ. ಅಜ್ಜಿಯ ಪುಸ್ತಕವನ್ನು ಇಟ್ಟುಕೊಳ್ಳಿ, ಪ್ರಾರ್ಥನೆ ಹೇಳಿ, ಅಂಕಿಯನ್ನು ಮರೆಯಿರಿ.

ವಿಮೋಚನೆ ಯಾವುದರಿಂದ ಎಂಬುದು ಗೊತ್ತಿರಬೇಕು. ಪಾಪದ ಕ್ಷಮೆ ಬೇರೆ, ಪಾಪ ಬಿಟ್ಟುಹೋದ ದಂಡ ಬೇರೆ. ಪಕ್ಕದವನ ಬದು ಒತ್ತಿ ಉತ್ತವನನ್ನು ಆತ ಕ್ಷಮಿಸಿದ ಎನ್ನಿ. ಜಗಳ ಮುಗಿಯಿತು. ಆದರೆ ಬದು ಮೊದಲಿನ ಜಾಗಕ್ಕೆ ಬರಬೇಕು, ಒತ್ತುವ ಚಾಳಿಯೂ ಹೋಗಬೇಕು. ಈ ಉಳಿದ ಕೆಲಸವೇ ‘ತಾತ್ಕಾಲಿಕ ದಂಡ’. ಬದುಕಿರುವಾಗ ಪ್ರಾಯಶ್ಚಿತ್ತ, ದಾನ, ಪ್ರಾರ್ಥನೆಗಳಲ್ಲಿ ಅದು ಆಗುತ್ತದೆ. ಉಳಿದದ್ದು ಸತ್ತ ಮೇಲೆ ಶುದ್ಧೀಕರಣದಲ್ಲಿ. ಶುದ್ಧೀಕರಣ ಸ್ಥಳ ಅರ್ಧ ನರಕವಲ್ಲ. ಅಲ್ಲಿರುವವರೆಲ್ಲ ರಕ್ಷಣೆ ಖಚಿತವಾದವರೇ.

ಈಗ ವಿಧಿ. ನವೆಂಬರ್ 1ರಿಂದ 8ರವರೆಗೆ ಯಾವುದೇ ದಿನ ಸ್ಮಶಾನಕ್ಕೆ ಹೋಗಿ, ಮನಸ್ಸಿನಲ್ಲಾದರೂ ಸರಿ, ಮೃತರಿಗಾಗಿ ಪ್ರಾರ್ಥಿಸಿದರೆ ಪೂರ್ಣ ದಂಡವಿಮೋಚನೆ. ಇದು ಮೃತರಿಗೆ ಮಾತ್ರ ಸಲ್ಲುತ್ತದೆ. ಸಕಲ ಮೃತರ ಸ್ಮರಣೆಯ ದಿನವಾದ ನವೆಂಬರ್ 2ರಂದು ಚರ್ಚಿಗೆ ಭೇಟಿ ಕೊಟ್ಟು ‘ಪರಲೋಕದಲ್ಲಿರುವ ನಮ್ಮ ತಂದೆಯೇ’ ಮತ್ತು ವಿಶ್ವಾಸ ಪ್ರಮಾಣ ಹೇಳಿದರೂ ಅದೇ. ಜೊತೆಗೆ ಪಾಪನಿವೇದನೆ, ಪರಮಪ್ರಸಾದ ಸ್ವೀಕಾರ ಮತ್ತು ಪೋಪರ ಉದ್ದೇಶಗಳಿಗಾಗಿ ಪ್ರಾರ್ಥನೆ ಬೇಕು. ಕೊನೆಯದಕ್ಕೆ ಒಂದು ‘ಪರಲೋಕದಲ್ಲಿರುವ’, ಒಂದು ‘ನಮೋ ಮರಿಯ’ ಸಾಕು. ಪಾಪನಿವೇದನೆ ಅದೇ ದಿನ ಆಗಬೇಕೆಂದಿಲ್ಲ; ಹಿಂದೆ ಮುಂದೆ ಸುಮಾರು 20 ದಿನಗಳೊಳಗೆ ಮಾಡಿದ ಒಂದೇ ನಿವೇದನೆ ಹಲವು ದಿನಗಳ ವಿಮೋಚನೆಗೆ ಸಾಲುತ್ತದೆ. ಪರಮಪ್ರಸಾದ ಮಾತ್ರ ಪ್ರತಿಯೊಂದಕ್ಕೂ ಬೇರೆ ಬೇಕು. ದಿನಕ್ಕೆ ಒಂದೇ ಪೂರ್ಣ ವಿಮೋಚನೆ, ಆದ್ದರಿಂದ ಒಂದೇ ಸಂಜೆ ಮೂರು ಸ್ಮಶಾನ ಸುತ್ತಿ ಮೂರು ಪಡೆಯಲಾಗದು.

ಹೆಚ್ಚಿನವರು ಎಡವುವುದು ಬೇರೆಡೆ. ಯಾವ ಪಾಪದ ಮೇಲೂ, ಸಣ್ಣದರ ಮೇಲೂ, ಮೋಹ ಉಳಿದಿರಬಾರದು ಎಂಬ ಷರತ್ತಿದೆ. ತಮ್ಮನ ಜೊತೆ ಮಾತು ಬಿಟ್ಟು ಹತ್ತು ವರ್ಷವಾಗಿ, ‘ನಾನಂತೂ ಮೊದಲು ಮಾತಾಡುವವನಲ್ಲ’ ಎಂದು ಗಟ್ಟಿ ಮಾಡಿಕೊಂಡು ಅಪ್ಪನ ಸಮಾಧಿಗೆ ಮೇಣದಬತ್ತಿ ಹಚ್ಚಿದರೆ ವಿಮೋಚನೆ ಭಾಗಶಃ ಮಾತ್ರ. ಮೇಣದ ತೂಕ ಲೆಕ್ಕಕ್ಕಿಲ್ಲ.

ಹಣದ ಮಾತನ್ನೂ ಇಲ್ಲೇ ಹೇಳಿಬಿಡುತ್ತೇವೆ. ವಿಮೋಚನೆಗೆ ದರವಿಲ್ಲ. ಹಿಂದೆ ಅದನ್ನು ಹಣಕ್ಕೆ ಮಾರಿದ್ದೇ 1517ರಲ್ಲಿ ಮಾರ್ಟಿನ್ ಲೂಥರ್ ಅವರ 95 ವಾದಗಳಿಗೆ ಕಿಡಿಯಾಯಿತು. ಐದನೆಯ ಪಿಯುಸ್ 1567ರಲ್ಲಿ ಹಣಕ್ಕೆ ಅಂಟಿಕೊಂಡಿದ್ದ ವಿಮೋಚನೆಗಳನ್ನು ರದ್ದು ಮಾಡಿದರು. ಬಲಿಪೂಜೆಗೆ (ಮಾಸ್) ಕೊಡುವ ಕಾಣಿಕೆ ಬೇರೆ. ಅದೂ ಪೂಜೆಯ ಬೆಲೆಯಲ್ಲ. ಕೊಡಲಾಗದ ಬಡವರ ಉದ್ದೇಶಕ್ಕೂ ಪೂಜೆ ಅರ್ಪಿಸುವಂತೆ ಧರ್ಮಸಭೆಯ ಕಾನೂನೇ ಗುರುಗಳಿಗೆ ಒತ್ತಿ ಹೇಳುತ್ತದೆ.

ಪ್ರಶ್ನೆ: ನಾನು ಸಿಎಸ್‌ಐ, ಹೆಂಡತಿ ಕಥೋಲಿಕಳು. ನವೆಂಬರ್ 2ಕ್ಕೆ ಅವಳ ಜೊತೆ ಸ್ಮಶಾನಕ್ಕೆ ಹೋಗುತ್ತೇನೆ. ನಮ್ಮ ಸಭಾಪಾಲಕರು ಸತ್ತವರಿಗಾಗಿ ಪ್ರಾರ್ಥಿಸಬಾರದು ಎನ್ನುತ್ತಾರೆ. ಯಾಕೆ?
— ಓದುಗರು, ಮಂಗಳೂರು

ಅವರ ಆಧಾರ ಇಬ್ರಿಯರಿಗೆ ಬರೆದ ಪತ್ರದ 9:27: ಮನುಷ್ಯರು ಒಂದೇ ಸಾರಿ ಸಾಯುತ್ತಾರೆ, ಅನಂತರ ನ್ಯಾಯತೀರ್ಪು. ಕ್ರಿಸ್ತನ ಬಲಿ ಪೂರ್ಣವಾಗಿರುವಾಗ ವಿಶ್ವಾಸಿಗೆ ಸತ್ತ ಮೇಲೆ ಸಲ್ಲಿಸಬೇಕಾದ ಬಾಕಿ ಏನಿದೆ ಎಂಬುದು ಸುಧಾರಣಾ ಪಂಗಡಗಳ ವಾದ. ಸತ್ತವರಿಗಾಗಿ ಪ್ರಾರ್ಥಿಸಲು ಆಧಾರವೆಂದು ಕಥೋಲಿಕರು ತೋರಿಸುವ ಎರಡನೆಯ ಮಕ್ಕಬಿಯರ ಗ್ರಂಥ, 12ನೆಯ ಅಧ್ಯಾಯ, ನಿಮ್ಮ ಬೈಬಲಿನಲ್ಲಿ ಇಲ್ಲ. ಸಿಎಸ್‌ಐಯಲ್ಲಿ ಸೇರಿರುವ ಪರಂಪರೆಗಳಲ್ಲೊಂದಾದ ಆಂಗ್ಲಿಕನ್ ಸಭೆಯ 39 ವಿಧಿಗಳಲ್ಲಿ 22ನೆಯದು ಶುದ್ಧೀಕರಣ ಸ್ಥಳದ ಬೋಧನೆಯನ್ನು ನೇರವಾಗಿ ತಳ್ಳಿಹಾಕುತ್ತದೆ. 1834ರಲ್ಲಿ ನಿಮ್ಮ ಊರಿಗೆ ಬಂದ ಬಾಸೆಲ್ ಮಿಷನ್ನಿನವರು ತಂದದ್ದೂ ಲೂಥರನ್–ರಿಫಾರ್ಮ್ಡ್ ಪರಂಪರೆಯನ್ನೇ.

ಆದರೂ ಅಂತರ ಮೊದಲಿನಷ್ಟಿಲ್ಲ. ಮನುಷ್ಯ ನೀತಿವಂತನೆನಿಸುವುದು ದೇವರ ಕೃಪೆಯಿಂದ, ತನ್ನ ಯೋಗ್ಯತೆಯಿಂದಲ್ಲ ಎಂಬ ಮೂಲ ಮಾತಿನಲ್ಲಿ ಲೂಥರನ್ನರೂ ಕಥೋಲಿಕರೂ 1999ರ ಅಕ್ಟೋಬರ್ 31ರಂದು ಆಗ್ಸ್‌ಬರ್ಗ್‌ನಲ್ಲಿ ಜಂಟಿ ಘೋಷಣೆಗೆ ಸಹಿ ಹಾಕಿದರು. ಮೆಥಡಿಸ್ಟರು 2006ರಲ್ಲಿ, ರಿಫಾರ್ಮ್ಡ್ ಸಭೆಗಳ ಜಾಗತಿಕ ಒಕ್ಕೂಟ 2017ರಲ್ಲಿ ಸೇರಿಕೊಂಡವು. ಸಮಾಧಿಯ ಬಳಿ ನಿಂತು ಮೃತರ ಬದುಕಿಗಾಗಿ ದೇವರಿಗೆ ಕೃತಜ್ಞತೆ ಹೇಳಿ. ಅದಕ್ಕೆ ಎರಡೂ ಕಡೆ ಅಡ್ಡಿಯಿಲ್ಲ.

ಪ್ರಶ್ನೆ: ಪಾಪನಿವೇದನೆಗೆ ಹೋಗದೆ ಇಪ್ಪತ್ತು ವರ್ಷಕ್ಕೂ ಮೇಲಾಯಿತು. ಮಂತ್ರಗಳು ಮರೆತಿವೆ. ಎಲ್ಲಿಂದ ಶುರು ಮಾಡಲಿ? ಹೇಳಿದ್ದು ಹೊರಗೆ ಹೋಗುವುದಿಲ್ಲವೇ?
— ಓದುಗರು, ಬೆಂಗಳೂರು

ಭಾನುವಾರ ಬಲಿಪೂಜೆಗೆ ಐದು ನಿಮಿಷ ಮುಂಚೆ ಸಾಲಿನಲ್ಲಿ ನಿಲ್ಲಬೇಡಿ. ನಿಮ್ಮ ಹಿಂದೆ ಹತ್ತು ಜನ ಕಾಯುತ್ತಿರುತ್ತಾರೆ, ಗುರುಗಳ ಕಣ್ಣು ಗಡಿಯಾರದ ಮೇಲಿರುತ್ತದೆ. ವಾರದ ದಿನ ಸಮಯ ಕೇಳಿ ಹೋಗಿ. ಪರಿಚಯದ ಗುರುಗಳ ಬಳಿ ಮುಜುಗರವೆನಿಸಿದರೆ ಬೇರೆ ಧರ್ಮಕೇಂದ್ರಕ್ಕೆ ಹೋಗಬಹುದು. ಜಾಲರಿಯ ಹಿಂದಿನಿಂದ ಹೇಳುವ ಹಕ್ಕೂ ನಿಮಗಿದೆ.

ಮೊದಲ ವಾಕ್ಯ ಇಷ್ಟಿರಲಿ: ‘ಗುರುಗಳೇ, ನನ್ನನ್ನು ಆಶೀರ್ವದಿಸಿ. ನಾನು ಕೊನೆಯ ಸಲ ಬಂದು ಇಪ್ಪತ್ತು ವರ್ಷವಾಯಿತು, ಕ್ರಮ ಮರೆತಿದೆ, ಸಹಾಯ ಮಾಡಿ.’ ಉಳಿದದ್ದನ್ನು ಅವರು ನಡೆಸುತ್ತಾರೆ. ಹೇಳಲೇಬೇಕಾದದ್ದು ಮಾರಕ ಪಾಪಗಳನ್ನು. ಮಾರಕವಾಗಲು ಮೂರೂ ಸೇರಬೇಕು: ವಿಷಯ ಗಂಭೀರವಾಗಿರಬೇಕು, ಗೊತ್ತಿದ್ದು ಮಾಡಿರಬೇಕು, ಮನಃಪೂರ್ವಕ ಒಪ್ಪಿ ಮಾಡಿರಬೇಕು. ಅದು ಯಾವ ಬಗೆಯದು, ಸುಮಾರು ಎಷ್ಟು ಸಲ ಎಂದು ಹೇಳಬೇಕು. ‘ಕೆಟ್ಟ ಕೆಲಸ ಮಾಡಿದೆ’ ಎಂದರೆ ಸಾಲದು; ಇಡೀ ಕಥೆಯೂ ಬೇಡ. ‘ಲೆಕ್ಕದಲ್ಲಿ ಸುಳ್ಳು ಬರೆದು ಪಾಲುದಾರನ ಹಣ ತೆಗೆದೆ, ಎರಡು ವರ್ಷ, ತಿಂಗಳಿಗೆ ಒಂದೆರಡು ಸಲ’ ಎಂದರೆ ಸಾಕು. ಇತರರ ಹೆಸರು ಹೇಳಬಾರದು. ಅತ್ತೆಯ ಪಾಪಗಳನ್ನು ಸೊಸೆ ನಿವೇದಿಸುವುದು ಹಳೆಯ ರೋಗ.

ಮರೆತುಹೋದ ಪಾಪಕ್ಕೂ ಕ್ಷಮೆ ಸಿಕ್ಕಿರುತ್ತದೆ. ನೆನಪಾದಾಗ ಮುಂದಿನ ಸಲ ಹೇಳಿದರಾಯಿತು. ಬೇಕೆಂದೇ ಬಚ್ಚಿಟ್ಟರೆ ಮಾತ್ರ ಆ ನಿವೇದನೆಯೇ ಅಸಿಂಧು. ಕದ್ದದ್ದನ್ನು ಹಿಂದಿರುಗಿಸುವ ಮನಸ್ಸಿಲ್ಲದೆ ಪಶ್ಚಾತ್ತಾಪ ಇದೆ ಎನ್ನಲಾಗದು. ನೇರವಾಗಿ ಕೊಟ್ಟರೆ ಮನೆ ಮುರಿಯುತ್ತದೆ ಎನ್ನುವ ಸಂದರ್ಭದಲ್ಲಿ ಹೇಗೆ ತಲುಪಿಸುವುದೆಂದು ಗುರುಗಳನ್ನೇ ಕೇಳಿ. ಮದುವೆ ಚರ್ಚಿನ ಪ್ರಕಾರ ಆಗಿಲ್ಲದಿದ್ದರೆ ಆ ವಿಷಯವನ್ನು ಮೊದಲು ಹೊರಗೆ ಕುಳಿತು ಮಾತಾಡಿ. ಜಾಲರಿಯ ಮುಂದಿನ ಹತ್ತು ನಿಮಿಷದಲ್ಲಿ ಅದು ಬಗೆಹರಿಯದು. ಗರ್ಭಪಾತದ ಪಾಪವನ್ನು ಬಿಷಪರು ಮಾತ್ರ ಕ್ಷಮಿಸಬಲ್ಲರು ಎಂದು ತಿಳಿದು ದೂರ ಉಳಿದವರು ಇದ್ದಾರೆ. 2016ರ ನವೆಂಬರ್‌ನಲ್ಲಿ ಪೋಪ್ ಫ್ರಾನ್ಸಿಸ್ ಆ ಅಧಿಕಾರವನ್ನು ಪಾಪನಿವೇದನೆ ಕೇಳುವ ಎಲ್ಲ ಗುರುಗಳಿಗೂ ಕೊಟ್ಟಿದ್ದಾರೆ.

ಗೋಪ್ಯದ ಬಗ್ಗೆ: ಕೇಳಿದ್ದನ್ನು ಮಾತಿನಿಂದಾಗಲಿ ಸನ್ನೆಯಿಂದಾಗಲಿ ಹೊರಹಾಕುವಂತಿಲ್ಲ. ನೇರವಾಗಿ ಬಯಲು ಮಾಡಿದ ಗುರುವಿನ ಮೇಲೆ, ಯಾರೂ ಘೋಷಿಸದಿದ್ದರೂ, ಬಹಿಷ್ಕಾರ ತಾನಾಗಿ ಬೀಳುತ್ತದೆ. ಫೋನಿನಲ್ಲಿ, ವಿಡಿಯೊ ಕರೆಯಲ್ಲಿ ಈ ಸಂಸ್ಕಾರ ಆಗುವುದಿಲ್ಲ.

ಇದಕ್ಕೆ ತದ್ವಿರುದ್ಧ ತೊಂದರೆಯವರೂ ಬರೆದಿದ್ದಾರೆ. ವಾರಕ್ಕೆರಡು ಸಲ ಹೋಗಿ, ಅದೇ ಹಳೆಯ ಪಾಪ ಹೇಳಿ, ಸರಿಯಾಗಿ ಹೇಳಿದೆನೋ ಇಲ್ಲವೋ ಎಂದು ಮತ್ತೆ ಓಡುವವರು. ನೀವು ಒಬ್ಬರೇ ಗುರುಗಳನ್ನು ಗೊತ್ತುಮಾಡಿಕೊಂಡು ಅವರು ಹೇಳಿದಂತೆ ಕೇಳಿ. ಒಮ್ಮೆ ಕ್ಷಮೆಯಾದ ಪಾಪವನ್ನು ಅವರು ಮತ್ತೆ ಹೇಳಬೇಡಿ ಎಂದರೆ ಹೇಳಬೇಡಿ. ಕೈ ತೊಳೆಯುವುದು, ಬೀಗ ನೋಡುವುದು ಇವೂ ಹೀಗೇ ಮರುಕಳಿಸುತ್ತಿದ್ದರೆ ಮನೋವೈದ್ಯರನ್ನೂ ಕಾಣಿರಿ. ಅದು ಭಕ್ತಿಯ ಕೊರತೆಯಲ್ಲ.

ಪ್ರಶ್ನೆ: ಮನೆಯಲ್ಲಿ ಒಂದರ ಮೇಲೊಂದು ಕಷ್ಟ. ಪ್ರಾರ್ಥನಾ ಕೂಟದಲ್ಲಿ ‘ವಂಶದ ಶಾಪ, ಮುತ್ತಜ್ಜನ ಪಾಪ, ಮುರಿಸಬೇಕು’ ಎಂದು ವಂಶವೃಕ್ಷ ಬರೆಸಿಕೊಂಡು ಹಣವನ್ನೂ ಕೇಳಿದರು. ವಿಮೋಚನಕಾಂಡದ ವಚನ ತೋರಿಸಿದರು.
— ಓದುಗರು, ಚಿಕ್ಕಮಗಳೂರು

ಕೊಡಬೇಡಿ. ಅವರು ತೋರಿಸಿದ್ದು ವಿಮೋಚನಕಾಂಡ 34:7ರ ಕೊನೆಯ ಅರ್ಧ: ತಂದೆಗಳ ದೋಷಫಲ ಮೂರು ನಾಲ್ಕು ತಲೆಗಳವರೆಗೆ. ಅದಕ್ಕೆ ಮುಂಚಿನದನ್ನು ಓದಲಿಲ್ಲವೇ? ದೇವರು ಕನಿಕರವುಳ್ಳವನು, ದೀರ್ಘಶಾಂತನು, ಸಾವಿರಾರು ತಲೆಗಳವರೆಗೆ ಕರುಣೆ ತೋರಿಸುವವನು. ಮೂರು ನಾಲ್ಕಕ್ಕೆ ಎದುರು ಸಾವಿರ. ಆ ಎರಡು ಅಂಕಿಗಳನ್ನು ಒಟ್ಟಿಗೆ ಇಟ್ಟದ್ದೇ ಹೋಲಿಸಿ ನೋಡಲಿ ಎಂದು. ಪ್ರವಾದಿ ಯೋನನಿಗೆ ಸಿಟ್ಟು ತರಿಸಿದ್ದೂ ಇದೇ ವಚನ. ನಿನೆವೆ ಪಟ್ಟಣ ಪಶ್ಚಾತ್ತಾಪಪಟ್ಟು ಬದುಕಿದಾಗ ಅವನು ‘ನೀನು ಕರುಣಾಳು ಎಂದು ನನಗೆ ಮೊದಲೇ ಗೊತ್ತಿತ್ತು’ ಎಂದು ದೇವರನ್ನೇ ದೂರುತ್ತಾನೆ (4:2).

ಮಕ್ಕಳು ಹಿರಿಯರ ತಪ್ಪಿನ ಪರಿಣಾಮ ಅನುಭವಿಸುವುದು ನಿಜ. ಅಪ್ಪನ ಕುಡಿತ, ಸಾಲ, ಹೊಡೆತ ಮಕ್ಕಳ ಮೈಮನಸ್ಸಿನಲ್ಲಿ ಉಳಿಯುತ್ತವೆ. ಆದರೆ ಅಪರಾಧ ಮಕ್ಕಳ ಮೇಲೆ ಬರುವುದಿಲ್ಲ. ಯೆಹೆಜ್ಕೇಲನ 18ನೆಯ ಅಧ್ಯಾಯ ಪೂರ್ತಿ ಇದೇ ವಾದ. 20ನೆಯ ವಚನ ಮಗನು ತಂದೆಯ ದೋಷವನ್ನು ಹೊರುವುದಿಲ್ಲ ಎಂದು ಸ್ಪಷ್ಟವಾಗಿ ಹೇಳುತ್ತದೆ. ಹುಟ್ಟು ಕುರುಡನ ಬಗ್ಗೆ ಶಿಷ್ಯರು ‘ಯಾರ ಪಾಪ?’ ಎಂದಾಗ ಯೇಸು ಇವನದೂ ಅಲ್ಲ, ಇವನ ತಂದೆತಾಯಿಗಳದೂ ಅಲ್ಲ ಎಂದರು (ಯೋವಾನ್ನ 9:3). ವಂಶಪಾಪ ಕಳೆಯುವ ಪೂಜೆಗಳನ್ನು ಪೋಲೆಂಡಿನ ಬಿಷಪರು 2015ರಲ್ಲಿ ನಿಷೇಧಿಸಿದರು. ಸ್ಪೇನಿನ ಬಿಷಪರ ಸಿದ್ಧಾಂತ ಆಯೋಗ 2024ರಲ್ಲಿ ಅದೇ ಎಚ್ಚರಿಕೆ ಕೊಟ್ಟಿತು. ನಿಮ್ಮ ಕಷ್ಟಗಳನ್ನು ಒಂದೊಂದಾಗಿ ಬಿಡಿಸಿ: ಕಾಯಿಲೆಗೆ ವೈದ್ಯರು, ಸಾಲಕ್ಕೆ ಬ್ಯಾಂಕಿನ ಜೊತೆ ಮಾತು, ಜಗಳಕ್ಕೆ ಹಿರಿಯರು. ಪ್ರಾರ್ಥನೆ ಇವೆಲ್ಲದರ ಜೊತೆಗಿರಲಿ.

ಪ್ರಶ್ನೆ: ತಮ್ಮ ಆತ್ಮಹತ್ಯೆ ಮಾಡಿಕೊಂಡ. ನೆಂಟರೊಬ್ಬರು ‘ಅವನಿಗೆ ನರಕವೇ’ ಎಂದರು. ಅವನಿಗಾಗಿ ಪೂಜೆ ಇಡಿಸಬಹುದೇ?
— ಓದುಗರು, ಉಡುಪಿ ಜಿಲ್ಲೆ

ಇಡಿಸಬಹುದು, ಇಡಿಸಿ. ನೆಂಟರು ಹೇಳಿದ್ದು ಧರ್ಮಸಭೆಯ ಬೋಧನೆಯಲ್ಲ. 1917ರ ಕಾನೂನು ಸಂಹಿತೆ ಬುದ್ಧಿಪೂರ್ವಕ ಆತ್ಮಹತ್ಯೆಗೆ ಚರ್ಚಿನ ಅಂತ್ಯಕ್ರಿಯೆಯನ್ನು ನಿರಾಕರಿಸುತ್ತಿತ್ತು. ಆ ನೆನಪೇ ಹಳೆಯ ತಲೆಮಾರಿನ ಬಾಯಲ್ಲಿ ಉಳಿದಿದೆ. 1983ರ ಸಂಹಿತೆಯ ನಿಷೇಧ ಪಟ್ಟಿಯಲ್ಲಿ ಅದು ಇಲ್ಲ. ತೀವ್ರ ಮನೋವ್ಯಥೆ, ಭಯ, ಯಾತನೆಗಳು ವ್ಯಕ್ತಿಯ ಹೊಣೆಯನ್ನು ತಗ್ಗಿಸುತ್ತವೆ ಎಂದು ಧರ್ಮೋಪದೇಶದ 2282ನೆಯ ಪರಿಚ್ಛೇದ ಹೇಳುತ್ತದೆ. ಮುಂದಿನ ಪರಿಚ್ಛೇದ ಇನ್ನೂ ನೇರ: ಅಂಥವರ ನಿತ್ಯ ರಕ್ಷಣೆಯ ಬಗ್ಗೆ ನಿರಾಶರಾಗಬಾರದು, ದೇವರಿಗೆ ಮಾತ್ರ ಗೊತ್ತಿರುವ ದಾರಿಗಳಲ್ಲಿ ಪಶ್ಚಾತ್ತಾಪದ ಅವಕಾಶ ಸಿಗಬಲ್ಲದು, ಧರ್ಮಸಭೆ ಅವರಿಗಾಗಿ ಪ್ರಾರ್ಥಿಸುತ್ತದೆ. ಮಾರಕ ಪಾಪದ ಮೂರು ಷರತ್ತುಗಳನ್ನು ಮೇಲೆ ಹೇಳಿದೆವು. ಆ ರಾತ್ರಿ ನಿಮ್ಮ ತಮ್ಮನಿಗೆ ಎಷ್ಟು ಸ್ವಾತಂತ್ರ್ಯ ಉಳಿದಿತ್ತು ಎಂದು ಅಳೆಯಲು ಯಾವ ನೆಂಟರಿಗೂ ಸಾಧ್ಯವಿಲ್ಲ.

ಪೂಜೆ ಬರೆಸುವಾಗ ಹೆಸರು ಸಾಕು, ಸಾವಿನ ಕಾರಣ ಓದಿಸಬೇಕಿಲ್ಲ. ಮನೆಯಲ್ಲಿ ಇನ್ನೊಬ್ಬರು ತಮ್ಮನ್ನೇ ದೂಷಿಸಿಕೊಂಡು ಊಟ ನಿದ್ದೆ ಬಿಟ್ಟಿದ್ದರೆ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಸರ್ಕಾರದ ಉಚಿತ ಸೇವೆ, ದಿನದ 24 ಗಂಟೆಯೂ, ಕನ್ನಡದಲ್ಲೂ ಮಾತಾಡುತ್ತಾರೆ.

ಪ್ರಶ್ನೆ: ಹೆರಿಗೆಯಾದ ಮರುದಿನ ಮಗು ಹೋಯಿತು, ದೀಕ್ಷಾಸ್ನಾನ ಆಗಿರಲಿಲ್ಲ. ‘ಲಿಂಬೊ’ ಎಂಬ ಜಾಗದಲ್ಲಿರುತ್ತದೆಯೇ?
— ಓದುಗರು, ಮೈಸೂರು

ಲಿಂಬೊ ದೇವಶಾಸ್ತ್ರಜ್ಞರ ಊಹೆಯಾಗಿತ್ತು. ಧರ್ಮಸಭೆ ಅದನ್ನು ವಿಶ್ವಾಸದ ಸತ್ಯವೆಂದು ಯಾವತ್ತೂ ಘೋಷಿಸಿಲ್ಲ. 2007ರಲ್ಲಿ ಅಂತರರಾಷ್ಟ್ರೀಯ ದೇವಶಾಸ್ತ್ರ ಆಯೋಗ ಇದನ್ನೇ ಪರಿಶೀಲಿಸಿ, ಇಂಥ ಮಕ್ಕಳು ರಕ್ಷಣೆ ಪಡೆಯುತ್ತಾರೆಂದು ನಂಬಿ ಆಶಿಸಲು ಗಟ್ಟಿ ಆಧಾರಗಳಿವೆ ಎಂದಿತು. ದೀಕ್ಷಾಸ್ನಾನ ಕೊಡಿಸುವ ಮನಸ್ಸು ನಿಮಗಿದ್ದುದರಿಂದ, ಬಿಷಪರ ಅನುಮತಿಯೊಂದಿಗೆ ಚರ್ಚಿನ ಅಂತ್ಯಕ್ರಿಯೆಗೂ ಅವಕಾಶವಿದೆ.

ಇತರ ಓದುಗರಿಗೆ, ಆಸ್ಪತ್ರೆಗಳಲ್ಲಿ ದುಡಿಯುವ ದಾದಿಯರಿಗಂತೂ, ಇದು ತಿಳಿದಿರಲಿ. ಪ್ರಾಣಾಪಾಯದಲ್ಲಿ ಯಾರು ಬೇಕಾದರೂ, ಕ್ರೈಸ್ತರಲ್ಲದವರೂ, ಧರ್ಮಸಭೆ ಮಾಡುವುದನ್ನೇ ಮಾಡುವ ಉದ್ದೇಶದಿಂದ ದೀಕ್ಷಾಸ್ನಾನ ಕೊಡಬಹುದು. ತಂದೆ ಅಥವಾ ತಾಯಿಯ ಇಚ್ಛೆ ಕೇಳಿಕೊಳ್ಳಿ. ಶುದ್ಧ ನೀರನ್ನು ಮಗುವಿನ ತಲೆಯ ಮೇಲೆ ಮೂರು ಸಲ ಹೊಯ್ಯುತ್ತಾ, ಹೊಯ್ಯುವವರೇ, ಹೆಸರು ಹಿಡಿದು, ‘ಪಿತನ, ಸುತನ ಮತ್ತು ಪವಿತ್ರಾತ್ಮರ ಹೆಸರಿನಲ್ಲಿ ನಾನು ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ’ ಎನ್ನಬೇಕು. ಒಬ್ಬರು ಹೊಯ್ದು ಇನ್ನೊಬ್ಬರು ಹೇಳಿದರೆ ಆಗುವುದಿಲ್ಲ. ನೀರು ಚರ್ಮದ ಮೇಲೆ ಹರಿಯಬೇಕು. ಒದ್ದೆ ಹತ್ತಿ ಮುಟ್ಟಿಸುವುದು ಸಾಲದು. ‘ನಾನು’ ಎನ್ನುವ ಬದಲು ‘ನಾವು’ ಎಂದರೆ ಸಿಂಧುವಲ್ಲ ಎಂದು ವ್ಯಾಟಿಕನ್ 2020ರಲ್ಲಿ ತಿಳಿಸಿದೆ. ಇನ್‌ಕ್ಯುಬೇಟರಿನಲ್ಲಿರುವ ಮಗುವಿಗೆ ಸಿರಿಂಜಿನಿಂದ ಕೆಲವು ಹನಿ ಬೆಚ್ಚಗಿನ ಶುದ್ಧ ನೀರು ಸಾಕು, ವೈದ್ಯರನ್ನು ಕೇಳಿ. ಆಮೇಲೆ ದಿನಾಂಕ, ಹೆಸರು, ಸಾಕ್ಷಿಯನ್ನು ಬರೆದು ಧರ್ಮಕೇಂದ್ರದ ದಾಖಲೆಗೆ ಕೊಡಿ. ಮಗು ಬದುಕಿದರೆ ಮತ್ತೆ ದೀಕ್ಷಾಸ್ನಾನವಿಲ್ಲ, ಉಳಿದ ವಿಧಿಗಳನ್ನಷ್ಟೇ ಪೂರೈಸುತ್ತಾರೆ.

ಪ್ರಶ್ನೆ: ಕಡೆಯ ತೀರ್ಪಿನ ದಿನಾಂಕ ಇಂಥದ್ದು ಎಂದು ವಾಟ್ಸ್‌ಆ್ಯಪ್‌ನಲ್ಲಿ ಬಂದಿದೆ.
— ಓದುಗರು, ಬೆಳಗಾವಿ

ಅಳಿಸಿ. ಅಮೆರಿಕದ ವಿಲಿಯಂ ಮಿಲ್ಲರ್ ಅನುಯಾಯಿಗಳು 1844ರ ಅಕ್ಟೋಬರ್ 22ಕ್ಕೆ ಕಾದರು, ಹೆರಾಲ್ಡ್ ಕ್ಯಾಂಪಿಂಗ್ 2011ರ ಮೇ 21 ಎಂದರು. ಆ ದಿನ ಯಾರಿಗೂ ಗೊತ್ತಿಲ್ಲ ಎಂದು ಮತ್ತಾಯ 24:36ರಲ್ಲಿದೆ.

ಪ್ರಶ್ನೆ: ನಮ್ಮ ಅಜ್ಜಿ ಹಿಂದೂ. ಅಮ್ಮ ಮದುವೆಯಾಗಿ ಕ್ರೈಸ್ತರಾದರು. ಊರಿನಲ್ಲಿ ಹಸಿದು ಬಂದವರನ್ನು ಅಜ್ಜಿ ಬರಿಗೈಲಿ ಕಳಿಸಿದವರಲ್ಲ. ಕ್ರಿಸ್ತನನ್ನು ಒಪ್ಪದೆ ತೀರಿಕೊಂಡರು. ಅವರ ಗತಿ? ಅವರ ಹೆಸರಿನಲ್ಲಿ ಪೂಜೆ ಕೊಟ್ಟರೆ ತೆಗೆದುಕೊಳ್ಳುತ್ತಾರೆಯೇ?
— ಓದುಗರು, ಕೊಳ್ಳೇಗಾಲ

ತಮ್ಮ ತಪ್ಪಿಲ್ಲದೆ ಸುವಾರ್ತೆಯನ್ನು ಅರಿಯದೆ, ಪ್ರಾಮಾಣಿಕ ಮನಸ್ಸಿನಿಂದ ದೇವರನ್ನು ಅರಸಿ, ಅಂತಃಸಾಕ್ಷಿಯ ಕರೆಯಂತೆ ಬಾಳಲು ಯತ್ನಿಸುವವರು ನಿತ್ಯ ರಕ್ಷಣೆ ಪಡೆಯಬಲ್ಲರು: ಇದು ಎರಡನೆಯ ವ್ಯಾಟಿಕನ್ ಮಹಾಸಭೆ 1964ರಲ್ಲಿ ಹೊರಡಿಸಿದ ಧರ್ಮಸಭೆಯ ಸಂವಿಧಾನದ 16ನೆಯ ಪರಿಚ್ಛೇದ. ‘ಅರಿಯದೆ’ ಎಂದರೆ ಹೆಸರನ್ನೇ ಕೇಳದಿರುವುದು ಎಂದಷ್ಟೇ ಅಲ್ಲ ಎಂಬುದು ನಮ್ಮ ಅಭಿಪ್ರಾಯ. ಮಗಳ ಮನೆಯ ಗೋಡೆಯ ಮೇಲೆ ಚಿತ್ರ ನೋಡಿದ ಮಾತ್ರಕ್ಕೆ ಸುವಾರ್ತೆ ತಲುಪಿತು ಎನ್ನಲಾಗದು. ಅವರು ರಕ್ಷಣೆ ಪಡೆಯುವುದೂ ಕ್ರಿಸ್ತನ ಮೂಲಕವೇ ಎಂಬುದು ಕ್ರೈಸ್ತ ನಂಬಿಕೆ. ಕೆಲವು ಸುವಾರ್ತಾವಾದಿ ಸಭೆಗಳು ಇದನ್ನು ಒಪ್ಪುವುದಿಲ್ಲ, ಬಾಯಾರೆ ಅರಿಕೆ ಮಾಡಲೇಬೇಕು ಎನ್ನುತ್ತವೆ.

ಅವರ ಜೊತೆ ವಾದಕ್ಕಿಂತ ಮತ್ತಾಯನ 25ನೆಯ ಅಧ್ಯಾಯ ಓದಿ. ಅಲ್ಲಿ ತೀರ್ಪಿನ ಪ್ರಶ್ನೆಗಳು ಆರು: ಹಸಿದವರಿಗೆ ಊಟ, ಬಾಯಾರಿದವರಿಗೆ ನೀರು, ಪರದೇಶಿಗೆ ಆಸರೆ, ಬಟ್ಟೆಯಿಲ್ಲದವರಿಗೆ ಬಟ್ಟೆ, ರೋಗಿಯ ಆರೈಕೆ, ಸೆರೆಯಲ್ಲಿದ್ದವರ ಭೇಟಿ. ಸತ್ತವರನ್ನು ಹೂಳುವ ಏಳನೆಯದನ್ನು ತೋಬಿತನ ಗ್ರಂಥದಿಂದ ಆಮೇಲೆ ಸೇರಿಸಿದರು. ತೀರ್ಪು ಕೊಡುವ ರಾಜನು ಮೆಚ್ಚಿ ಬಲಗಡೆ ನಿಲ್ಲಿಸಿದವರೂ ತಳ್ಳಿ ಎಡಗಡೆ ನಿಲ್ಲಿಸಿದವರೂ ಅವನನ್ನು ಕೇಳುವುದು ಒಂದೇ ಮಾತು: ನಿಮ್ಮನ್ನು ನಾವು ಯಾವಾಗ ಕಂಡೆವು? ರಾಜನಿಗೇ ಮಾಡುತ್ತಿದ್ದೇವೆಂದು ಬಲಗಡೆಯವರಿಗೂ ಗೊತ್ತಿರಲಿಲ್ಲ.

ಪೂಜೆ ಖಂಡಿತ ಕೊಡಬಹುದು. ಬದುಕಿರುವ ಅಥವಾ ಸತ್ತಿರುವ ಯಾರಿಗಾಗಿಯಾದರೂ ಬಲಿಪೂಜೆ ಅರ್ಪಿಸಲು ಗುರುಗಳು ಸ್ವತಂತ್ರರು ಎಂದು ಕಾನೂನು ಸಂಹಿತೆಯ 901ನೆಯ ನಿಯಮದಲ್ಲಿದೆ. ಕಚೇರಿಯಲ್ಲಿ ಕ್ರೈಸ್ತ ಹೆಸರು ಕೇಳಿದರೆ ಹೊಸದೊಂದನ್ನು ಇಡಬೇಕಿಲ್ಲ. ಊರಿನಲ್ಲಿ ಅವರನ್ನು ಯಾವ ಹೆಸರಿನಿಂದ ಕರೆಯುತ್ತಿದ್ದರೋ ಅದನ್ನೇ ಬರೆಸಿ.